ಮೂಳೆ ಕ್ಯಾನ್ಸರ್ ‘ತಲೆಗೆ ಏರೋದು’ ಹೇಗೆ? ಅದು ಮೊದಲು ಹೋಗೋದು ಶ್ವಾಸಕೋಶಕ್ಕೆ

ಮಂಡ್ಯ: “ಕಾಲಲ್ಲಿದ್ದ ಕ್ಯಾನ್ಸರ್ ತಲೆಗೆ ಏರ್ಬಿಡ್ತಂತೆ ಕಣಪ್ಪ” ಅನ್ನೋ ಮಾತು ಮದ್ದೂರು, ಮಳವಳ್ಳಿ ಕಡೆ ಟೀ ಅಂಗಡಿಗಳಲ್ಲಿ ನೀವೂ ಕೇಳಿರ್ತೀರಿ. ಇದನ್ನ ಕೇಳಿ ಕೆಲವರು, ಮೂಳೆ ಕ್ಯಾನ್ಸರ್ ಅಂದ್ರೆ ಇನ್ನು ಮುಗೀತು ಅಂತ ಆಸ್ಪತ್ರೆ ಕಡೆಗೇ ಹೋಗಲ್ಲ. ಇನ್ನು ಕೆಲವರು, ತಲೆನೋವು ಇಲ್ವಲ್ಲ, ಹರಡಿಲ್ಲ ಬಿಡು ಅಂತ ಸುಮ್ಮನಾಗ್ತಾರೆ. ಎರಡೂ ತಪ್ಪು.

ಎರಡು ಬಗೆ ಇದೆ

ಮೂಳೆಯಲ್ಲೇ ಹುಟ್ಟೋ ಕ್ಯಾನ್ಸರ್ ಬಹಳ ಅಪರೂಪ. ಅದರಲ್ಲಿ ಆಸ್ಟಿಯೋಸಾರ್ಕೋಮಾ ಅನ್ನೋದು ಹೆಚ್ಚಾಗಿ ಕಾಣಿಸೋದು ಬೆಳೆಯೋ ವಯಸ್ಸಿನ ಮಕ್ಕಳಲ್ಲಿ, ಅದೂ ಮಂಡಿಯ ಹತ್ತಿರ. ದೊಡ್ಡವರಲ್ಲಿ ‘ಮೂಳೆ ಕ್ಯಾನ್ಸರ್’ ಅಂತ ಕರೆಯೋದು ಬಹುತೇಕ ಬೇರೆ ಕಡೆಯಿಂದ ಬಂದದ್ದು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಕಿಡ್ನಿ, ಥೈರಾಯ್ಡ್‌ನಲ್ಲಿ ಹುಟ್ಟಿ ಮೂಳೆಗೆ ಬಂದಿರುತ್ತೆ. ಇಂಥವರಿಗೆ ಮೆದುಳಿನಲ್ಲೂ ಗಡ್ಡೆ ಕಂಡರೆ, ಅದು ಮೂಳೆಯಿಂದಲೇ ಹತ್ತಿದ್ದು ಅಂತಲ್ಲ. ಮೂಲ ಜಾಗದಿಂದ ಎರಡು ಕಡೆಗೂ ಹೋಗಿರಬಹುದು. ಹಾಗಾಗಿ ಮೂಲ ಯಾವುದು ಅಂತ ನೋಡಿಯೇ ಡಾಕ್ಟರು ಔಷಧಿ ಕೊಡ್ತಾರೆ.

ನಾಲೆ ನೀರಿನ ಲೆಕ್ಕ

ವಿ.ಸಿ. ನಾಲೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನೀರಲ್ಲಿ ತೇಲಿ ಬಂದ ಕಬ್ಬಿನ ತರಗು ಮೊದಲು ಅಡ್ಡ ಸಿಗೋ ಜಾಲರಿಗೇ ಸಿಕ್ಕಿಕೊಳ್ಳುತ್ತೆ. ನಮ್ಮ ಮೈಯಲ್ಲೂ ಅಷ್ಟೇ. ಗಡ್ಡೆಯಿಂದ ಬಿಡಿಯಾದ ಕ್ಯಾನ್ಸರ್ ಕಣ ಮೂಳೆಯೊಳಗಿನ ರಕ್ತನಾಳ ಸೇರುತ್ತೆ. ಕಾಲಿನ ರಕ್ತ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಕೂದಲಿಗಿಂತ ಸಣ್ಣ ನಾಳಗಳ ಜಾಲರಿ ಇರೋದು ಅಲ್ಲೇ. ಅದಕ್ಕೇ ಆಸ್ಟಿಯೋಸಾರ್ಕೋಮಾ ಹರಡಿದರೆ ಮೊದಲು ಗಡ್ಡೆ ಕಾಣೋದು ಹೆಚ್ಚಾಗಿ ಶ್ವಾಸಕೋಶದಲ್ಲಿ.

ಆ ಜಾಲರಿ ದಾಟಿದ ಕಣ, ಇಲ್ಲವೇ ಶ್ವಾಸಕೋಶದಲ್ಲಿ ಬೆಳೆದ ಗಡ್ಡೆಯಿಂದ ಬಿಟ್ಟ ಕಣ, ಹೃದಯದ ಎಡಭಾಗ ಸೇರಿ ಮೆದುಳಿಗೆ ಹೋಗಬಹುದು. ಮೆದುಳಿನ ರಕ್ತನಾಳಗಳ ಗೋಡೆ ಬಿಗಿ, ಒಳಗೆ ನುಗ್ಗೋದು ಸುಲಭ ಅಲ್ಲ. ಆಸ್ಟಿಯೋಸಾರ್ಕೋಮಾ ಮೆದುಳಿಗೆ ಹೋಗೋದು ಅಪರೂಪ, ಹೋದರೂ ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಹರಡಿದ ಮೇಲೆ.

ಬೇರೆ ದಾರಿಯೂ ಇದೆ. ಬೆನ್ನುಮೂಳೆ ಸುತ್ತ ಇರೋ ನಾಳಗಳಲ್ಲಿ ಕವಾಟ ಇಲ್ಲ, ರಕ್ತ ಮೇಲಕ್ಕೂ ಕೆಳಕ್ಕೂ ಹರಿಯಬಹುದು. ತಲೆಬುರುಡೆ ಮೂಳೆಯಲ್ಲೇ ಗಡ್ಡೆ ಆದರೆ ಮೆದುಳನ್ನ ಹೊರಗಿನಿಂದಲೇ ಒತ್ತುತ್ತೆ.

ಕೆನಡಾದ ಹುಡುಗ

ಟೆರ್ರಿ ಫಾಕ್ಸ್‌ಗೆ 1977ರಲ್ಲಿ, 18ನೇ ವಯಸ್ಸಿನಲ್ಲಿ, ಮಂಡಿ ಹತ್ತಿರದ ಆಸ್ಟಿಯೋಸಾರ್ಕೋಮಾದಿಂದ ಬಲಗಾಲು ತೆಗೆದರು. 1980ರಲ್ಲಿ ಕೃತಕ ಕಾಲು ಹಾಕ್ಕೊಂಡು ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 143 ದಿನ, 5,373 ಕಿ.ಮೀ. ಓಡಿದರು. ಓಟ ನಿಲ್ಲಿಸಿದ್ದು ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ. 1981ರಲ್ಲಿ ತೀರಿಕೊಂಡರು. ಇವತ್ತು ಪರಿಸ್ಥಿತಿ ಬದಲಾಗಿದೆ. ಹರಡೋ ಮೊದಲೇ ಸಿಕ್ಕಿ, ಕಿಮೊ ಮತ್ತು ಆಪರೇಷನ್ ಎರಡೂ ಪೂರ್ತಿ ಆದರೆ ಅರ್ಧಕ್ಕಿಂತ ಹೆಚ್ಚು ಮಂದಿ ಉಳೀತಾರೆ. ಎಷ್ಟೋ ಜನಕ್ಕೆ ಕಾಲನ್ನೂ ಉಳಿಸಬಹುದು.

ಯಾವಾಗ ಹೋಗಬೇಕು?

ಮಕ್ಕಳಿಗೆ ಮಂಡಿ ಇಲ್ಲವೇ ಭುಜದ ಹತ್ತಿರ ಎರಡು-ಮೂರು ವಾರ ಕಳೆದರೂ ಹೋಗದ ನೋವು, ರಾತ್ರಿ ಹೆಚ್ಚಾಗೋ ನೋವು, ಊತ ಇದ್ದರೆ ಎಕ್ಸ್‌ರೇ ಮಾಡ್ಸಿ. ಆಟ ಆಡುವಾಗ ಬಿದ್ದಿದ್ದು ಅಂತ ಎಣ್ಣೆ ತಿಕ್ಕಿಸಿ, ಕಟ್ಟು ಹಾಕಿಸಿ ತಿಂಗಳುಗಟ್ಟಲೆ ಕಾಯಬೇಡಿ. ಗಡ್ಡೆ ಅನುಮಾನ ಬಂದರೆ ಸಿಕ್ಕ ಕಡೆ ಕೊಯ್ಯಿಸಬೇಡಿ. ಮುಂದೆ ಆಪರೇಷನ್ ಮಾಡೋ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಬಯಾಪ್ಸಿ ಆಗೋದು ಒಳ್ಳೇದು.

ಈಗಾಗಲೇ ಕ್ಯಾನ್ಸರ್ ಇದ್ದವರಿಗೆ ಬೆಳಗ್ಗೆ ಏಳುವಾಗ ಜೋರು ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆ ಕೈಕಾಲು ಸೋಲೋದು, ಮಾತು ತೊದಲೋದು ಕಂಡರೆ ತಕ್ಷಣ ಹೋಗಿ. ಬೆನ್ನುನೋವಿನ ಜೊತೆ ಕಾಲು ಸ್ವಾಧೀನ ತಪ್ಪಿದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಸೇರಿಸಬೇಕು. ಮೆದುಳಿಗೆ ಹೋದ ಮೇಲೂ ಊತ ಇಳಿಸೋ ಔಷಧಿ, ರೇಡಿಯೇಷನ್, ಕೆಲವರಿಗೆ ಆಪರೇಷನ್ ಇದೆ.

ಎಲ್ಲಿಗೆ?

ಮೊದಲು ತಾಲ್ಲೂಕು ಆಸ್ಪತ್ರೆ ಇಲ್ಲವೇ ಮಂಡ್ಯದ ಮಿಮ್ಸ್. ಅಲ್ಲಿಂದ ರೆಫರಲ್ ಚೀಟಿ ತಗೊಂಡು ಬೆಂಗಳೂರಿನ ಕಿದ್ವಾಯಿಗೆ ಹೋಗಬಹುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತೆ. ರೇಷನ್ ಕಾರ್ಡ್, ಆಧಾರ್, ಹಳೇ ಎಕ್ಸ್‌ರೇ ಎಲ್ಲಾ ಒಂದೇ ಕವರ್‌ನಲ್ಲಿ ಹಾಕ್ಕೊಂಡು ಹೋಗಿ.

ಮಂಡಿ ನೋವೆಲ್ಲ ಕ್ಯಾನ್ಸರ್ ಅಲ್ಲ, ಬಹುತೇಕ ಅಲ್ವೇ ಅಲ್ಲ. ಆದರೆ ಅಲ್ಲ ಅಂತ ಹೇಳಬೇಕಾಗಿರೋದು ಎಕ್ಸ್‌ರೇ, ಅಕ್ಕಪಕ್ಕದ ಮನೆಯವರಲ್ಲ.