ಶಿಶುಗಳ ಚಲನಾ ಬೆಳವಣಿಗೆ ಮತ್ತು ನಿದ್ರೆ

ಚಲನಾ ಬೆಳವಣಿಗೆ ಎಂದರೆ ಶಿಶುವು ತನ್ನ ದೇಹದ ಚಲನೆಯ ಮೇಲೆ ಹಂತಹಂತವಾಗಿ ಹಿಡಿತ ಸಾಧಿಸುವ ಪ್ರಕ್ರಿಯೆ. ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂರುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು ಮತ್ತು ನಡೆಯುವುದು ಇದರ ಮುಖ್ಯ ಘಟ್ಟಗಳು. ಹೊಸ ಘಟ್ಟವೊಂದನ್ನು ತಲುಪುವಾಗ, ಅದುವರೆಗೆ ಚೆನ್ನಾಗಿ ನಿದ್ರಿಸುತ್ತಿದ್ದ ಮಗುವೂ ರಾತ್ರಿ ಪದೇ ಪದೇ ಎಚ್ಚರಗೊಳ್ಳಬಹುದು. ಈ ವ್ಯತ್ಯಯವು ಸಾಮಾನ್ಯವಾಗಿ ತಾತ್ಕಾಲಿಕವಾದುದು.

ಬೆಳವಣಿಗೆಯ ಕಾಲಾವಧಿ

ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳ ಅಧ್ಯಯನವನ್ನು ಆಧರಿಸಿ 2006ರಲ್ಲಿ ಚಲನಾ ಘಟ್ಟಗಳ ಕಾಲಾವಧಿಯನ್ನು ಪ್ರಕಟಿಸಿತು. ಅವುಗಳಲ್ಲಿ ಕೆಲವು:

• ಆಸರೆಯಿಲ್ಲದೆ ಕೂರುವುದು: 3.8ರಿಂದ 9.2 ತಿಂಗಳು
• ಹಿಡಿದು ನಿಲ್ಲುವುದು: 4.8ರಿಂದ 11.4 ತಿಂಗಳು
• ಅಂಬೆಗಾಲಿಡುವುದು: 5.2ರಿಂದ 13.5 ತಿಂಗಳು
• ಸ್ವತಂತ್ರವಾಗಿ ನಡೆಯುವುದು: 8.2ರಿಂದ 17.6 ತಿಂಗಳು

ಈ ಅಂತರಗಳು ವಿಶಾಲವಾಗಿರುವುದರಿಂದ, ಚಲನೆಗೆ ಸಂಬಂಧಿಸಿದ ನಿದ್ರಾಭಂಗವೂ ಎಲ್ಲ ಮಕ್ಕಳಲ್ಲಿ ಒಂದೇ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ನಡೆಯಲು ಕಲಿಯುವುದೂ ಉಂಟು.

ಅಧ್ಯಯನಗಳು

ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಅನತ್ ಶೆರ್ ಮತ್ತು ಸಹೋದ್ಯೋಗಿಗಳು ಈ ವಿಷಯದಲ್ಲಿ ಪ್ರಮುಖ ಸಂಶೋಧನೆ ನಡೆಸಿದ್ದಾರೆ. ಶಿಶುಗಳ ದೇಹಕ್ಕೆ ಕಟ್ಟಿದ ಚಲನಮಾಪಕ ಸಾಧನದ ಮೂಲಕ ನಿದ್ರೆಯನ್ನು ದಾಖಲಿಸಿದಾಗ, ಅಂಬೆಗಾಲಿಡಲು ಆರಂಭಿಸಿದ ಸಮಯದಲ್ಲಿ ರಾತ್ರಿ ಎಚ್ಚರಗೊಳ್ಳುವುದು ಹೆಚ್ಚಾದುದು ಕಂಡುಬಂದಿತು. ಸುಮಾರು ಮೂರು ತಿಂಗಳೊಳಗೆ ನಿದ್ರೆ ಮತ್ತೆ ಮೊದಲಿನ ಸ್ಥಿತಿಗೆ ಮರಳಿತು.

ಚಲನೆಯಂತೆ ನಿದ್ರೆಯೂ ಕಲಿಕೆಯ ಮೇಲೆ ಪ್ರಭಾವ ಬೀರುತ್ತದೆ. ಹೊಸದಾಗಿ ನಡೆಯಲು ಕಲಿತ ಮಕ್ಕಳಿಗೆ ಸುರಂಗದಂತಹ ದಾರಿಯಲ್ಲಿ ತೂರಿಹೋಗುವುದನ್ನು ಕಲಿಸಿದ ಸಾರಾ ಬರ್ಗರ್ ಮತ್ತು ಶೆರ್ ಅವರ 2017ರ ಅಧ್ಯಯನದಲ್ಲಿ, ಕಲಿಕೆಯ ನಂತರ ಹಗಲುನಿದ್ರೆ ಮಾಡಿದ ಮಕ್ಕಳು ಎಚ್ಚರವಾಗಿದ್ದವರಿಗಿಂತ ಉತ್ತಮ ಸಾಧನೆ ತೋರಿದರು.

ಕಾರಣಗಳು

ಶಿಶುವಿನ ನಿದ್ರಾಚಕ್ರವು ವಯಸ್ಕರಿಗಿಂತ ಚಿಕ್ಕದು. ಚಕ್ರಗಳ ನಡುವೆ ಅರೆ ಎಚ್ಚರವಾಗುವುದು ಸಹಜ. ಮಲಗಿಯೇ ಇರುವ ಕೂಸು ಆಗ ಹಾಗೆಯೇ ಮತ್ತೆ ನಿದ್ರೆಗೆ ಜಾರಬಹುದು. ಆದರೆ ಹೊಸ ಸಾಮರ್ಥ್ಯ ಪಡೆದ ಮಗು ಅದೇ ಕ್ಷಣದಲ್ಲಿ ಮಗುಚಿಕೊಳ್ಳುತ್ತದೆ, ಎದ್ದು ಕೂರುತ್ತದೆ ಅಥವಾ ನಿಲ್ಲುತ್ತದೆ. ಇದರಿಂದ ಪೂರ್ಣ ಎಚ್ಚರವಾಗುತ್ತದೆ. ನಿಲ್ಲಲು ಬಂದರೂ ಕೆಳಗೆ ಕೂರಲು ಬಾರದ ಮಗು ನಿಂತಲ್ಲೇ ಅಳುವುದು ಸಾಮಾನ್ಯ. ಇದೇ ಅವಧಿಯಲ್ಲಿ ತಾಯಿಯನ್ನು ಅಗಲುವ ಆತಂಕವೂ ತೀವ್ರವಾಗುವುದರಿಂದ ಮಗು ಸಮಾಧಾನಗೊಳ್ಳಲು ಹೆಚ್ಚು ಸಮಯ ಬೇಕಾಗಬಹುದು.

ಆರೈಕೆ ಮತ್ತು ಸುರಕ್ಷತೆ

ಹಗಲಿನಲ್ಲಿ ನೆಲದ ಮೇಲೆ ಆಡಲು ಸಾಕಷ್ಟು ಅವಕಾಶ ನೀಡುವುದು ಮತ್ತು ನಿಂತ ಸ್ಥಿತಿಯಿಂದ ಕೂರುವುದನ್ನು ಅಭ್ಯಾಸ ಮಾಡಿಸುವುದು ಸಹಾಯಕ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯು 4ರಿಂದ 11 ತಿಂಗಳ ಶಿಶುಗಳಿಗೆ ಹಗಲುನಿದ್ರೆ ಸೇರಿ ದಿನಕ್ಕೆ 12ರಿಂದ 16 ಗಂಟೆಗಳ ನಿದ್ರೆಯನ್ನು ಸೂಚಿಸುತ್ತದೆ.

ಶಿಶುವನ್ನು ಯಾವಾಗಲೂ ಬೆನ್ನ ಮೇಲೆ ಮಲಗಿಸಬೇಕು. ಎರಡೂ ದಿಕ್ಕಿಗೆ ತಾನಾಗಿಯೇ ಮಗುಚಿಕೊಳ್ಳಬಲ್ಲ ಮಗು ನಿದ್ರೆಯಲ್ಲಿ ಹೊರಳಿದರೆ ಅದನ್ನು ಮತ್ತೆ ತಿರುಗಿಸಬೇಕಾಗಿಲ್ಲ. ಮಗುಚಿಕೊಳ್ಳುವ ಲಕ್ಷಣ ಕಂಡೊಡನೆ ಬಟ್ಟೆಯಲ್ಲಿ ಸುತ್ತಿ ಮಲಗಿಸುವುದನ್ನು ನಿಲ್ಲಿಸಬೇಕು. ಹಾಸಿಗೆಯಲ್ಲಿ ದಿಂಬು ಹಾಗೂ ಮೆತ್ತನೆಯ ಆಟಿಕೆಗಳು ಇರಬಾರದು. ಅಂಚು ಹಿಡಿದು ಏಳಲು ಯತ್ನಿಸುವ ಮಗು ತೂಗುತೊಟ್ಟಿಲು ಅಥವಾ ಸೀರೆಯ ಜೋಲಿಯಿಂದ ಬೀಳುವ ಅಪಾಯವಿರುತ್ತದೆ.

ಜ್ವರ, ಉಸಿರಾಟದ ತೊಂದರೆ, ನಿರಂತರ ಗೊರಕೆ, ಹಾಲು ಕುಡಿಯದಿರುವುದು ಅಥವಾ ಕಲಿತ ಚಲನೆಯನ್ನು ಕಳೆದುಕೊಳ್ಳುವುದು ಬೆಳವಣಿಗೆಯ ಸಹಜ ಲಕ್ಷಣಗಳಲ್ಲ. ಇಂತಹ ಸಂದರ್ಭಗಳಲ್ಲಿ ಮಕ್ಕಳ ವೈದ್ಯರನ್ನು ಕಾಣುವುದು ಅಗತ್ಯ. ವೈದ್ಯರ ಸಲಹೆಯಿಲ್ಲದೆ ಶಿಶುವಿಗೆ ನಿದ್ರೆ ಬರಿಸುವ ಯಾವುದೇ ಔಷಧವನ್ನು ನೀಡಬಾರದು.