‘ಮನಸ್ಸು ಹೇಳಿತು’ ಅಂದರೆ ನಂಬಬಹುದೇ? ಆರನೇ ಇಂದ್ರಿಯದ ಅಸಲಿ ಕಥೆ

ಯಾರನ್ನೋ ನೆನೆಸಿಕೊಂಡಿರುತ್ತೀರಿ, ಅಷ್ಟರಲ್ಲಿ ಅವರದೇ ಫೋನ್ ಬರುತ್ತದೆ. ‘ನಿಮಗೆ ನೂರು ವರ್ಷ ಆಯಸ್ಸು’ ಅನ್ನುತ್ತೀರಿ. ಇಂಥ ಅನುಭವಗಳನ್ನೇ ಹಿಡಿದುಕೊಂಡು ವಾಟ್ಸಾಪ್‌ನಲ್ಲಿ ಸಂದೇಶಗಳು ಓಡಾಡುತ್ತವೆ. ಇದು ಆರನೇ ಇಂದ್ರಿಯ, ಮಿದುಳಿನ ಪೀನಿಯಲ್ ಗ್ರಂಥಿಯೇ ಮೂರನೇ ಕಣ್ಣು, ಋಷಿಗಳಿಗೆ ಇದೆಲ್ಲ ಗೊತ್ತಿತ್ತು, ಹಾಗಾಗಿ ಒಳಮನಸ್ಸಿನ ಮಾತನ್ನು ಎಂದೂ ಅನುಮಾನಿಸಬೇಡಿ ಎಂದು.

ಪೀನಿಯಲ್ ವಿಷಯ ಬೇಗ ಮುಗಿಸೋಣ. ಅದು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ನಿದ್ದೆ-ಎಚ್ಚರದ ಲಯಕ್ಕೆ ನೆರವಾಗುತ್ತದೆ. ಅದು ಭವಿಷ್ಯವನ್ನು ನೋಡುತ್ತದೆ ಎನ್ನಲು ಆಧಾರವಿಲ್ಲ. ‘ಋಷಿಗಳಿಗೆ ಗೊತ್ತಿತ್ತು’ ಎಂಬ ಮಾತು ಮಾತ್ರ ಕುತೂಹಲದ್ದು. ನಮ್ಮ ಹಳೆಯ ಚಿಂತಕರು ಈ ಬಗ್ಗೆ ನಿಜವಾಗಿಯೂ ಬರೆದಿದ್ದಾರೆ. ಆದರೆ ಅವರೆಲ್ಲ ಒಂದೇ ಮಾತು ಹೇಳಲಿಲ್ಲ, ಒಬ್ಬರ ವಾದವನ್ನು ಇನ್ನೊಬ್ಬರು ಖಂಡಿಸಿದ್ದಾರೆ. ಫಾರ್ವರ್ಡ್‌ಗಳಲ್ಲಿ ಈ ಭಾಗ ಬರುವುದೇ ಇಲ್ಲ.

ಅವರು ಬಳಸಿದ ಪದ ‘ಪ್ರತಿಭಾ’. ಇಂದು ಪ್ರತಿಭೆ ಎಂದರೆ ನಮಗೆ ಟ್ಯಾಲೆಂಟ್. ಅವರಿಗೆ ಅದು ಯೋಚಿಸದೆಯೇ ಥಟ್ಟನೆ ಹೊಳೆಯುವ ಅರಿವು. ಸುಮಾರು 5ನೇ ಶತಮಾನದ ವ್ಯಾಕರಣಕಾರ ಭರ್ತೃಹರಿ ತನ್ನ ‘ವಾಕ್ಯಪದೀಯ’ದಲ್ಲಿ ಇದರಲ್ಲಿ ಆರು ಬಗೆ ಎನ್ನುತ್ತಾನೆ. ಒಂದು ಹುಟ್ಟಿನಿಂದ ಬಂದದ್ದು: ಹಕ್ಕಿಗೆ ಗೂಡು ಕಟ್ಟಲು ಯಾರು ಕಲಿಸಿದರು ಎಂದು ಕೇಳುತ್ತಾನೆ. ಯೋಗದಿಂದ, ಅದೃಷ್ಟದಿಂದ ಬರುವುದೂ ಆ ಪಟ್ಟಿಯಲ್ಲಿದೆ. ಇನ್ನೊಂದು ಅಭ್ಯಾಸದಿಂದ ಬರುವುದು. ರತ್ನ, ನಾಣ್ಯಗಳನ್ನು ಪರೀಕ್ಷಿಸುವವನಿಗೆ ಅಸಲಿ ಯಾವುದು ಎಂದು ಗೊತ್ತಾಗುತ್ತದೆ, ಆದರೆ ಹೇಗೆ ಎಂದು ಇನ್ನೊಬ್ಬರಿಗೆ ವಿವರಿಸಲು ಬರುವುದಿಲ್ಲ. ಆ ತಿಳಿವಳಿಕೆ ತರ್ಕದಿಂದ ಬಂದದ್ದಲ್ಲ, ಅಭ್ಯಾಸದಿಂದಲೇ ಬಂದದ್ದು ಎಂಬುದು ಭರ್ತೃಹರಿಯ ಮಾತು.

ಇಂದಿನ ವಿಜ್ಞಾನ ಹೆಚ್ಚು ಗಟ್ಟಿಯಾಗಿ ಒಪ್ಪುವುದು ಈ ಅಭ್ಯಾಸದ ಬಗೆಯನ್ನೇ. ನೊಬೆಲ್ ವಿಜೇತ ಹರ್ಬರ್ಟ್ ಸೈಮನ್ ಪ್ರಕಾರ ಅಂತಃಪ್ರಜ್ಞೆ ಎಂದರೆ ಗುರುತು ಹಿಡಿಯುವುದು, ಅಷ್ಟೇ. ಹಿಂದೆ ನೂರಾರು ಸಲ ನೋಡಿದ್ದನ್ನು ಮಿದುಳು ನಮಗೆ ತಿಳಿಸದೆಯೇ ಹೋಲಿಸಿ ಉತ್ತರ ಕೊಡುತ್ತದೆ. ಡೇನಿಯಲ್ ಕಾಹ್ನೆಮನ್‌ಗೆ ಅಂತಃಪ್ರಜ್ಞೆಯ ಮೇಲೆ ಅನುಮಾನ, ಅಗ್ನಿಶಾಮಕ ದಳದವರನ್ನು ಅಧ್ಯಯನ ಮಾಡಿದ್ದ ಗ್ಯಾರಿ ಕ್ಲೈನ್‌ಗೆ ನಂಬಿಕೆ. ಇಬ್ಬರೂ ಕೂಡಿ 2009ರಲ್ಲಿ ಬರೆದ ಲೇಖನದಲ್ಲಿ ಎರಡು ಷರತ್ತು ಒಪ್ಪಿಕೊಂಡರು. ವಿಷಯದಲ್ಲಿ ಒಂದು ನಿಯಮ ಇರಬೇಕು. ನಮ್ಮ ಊಹೆ ಸರಿಯೋ ತಪ್ಪೋ ಎಂಬುದು ಮತ್ತೆ ಮತ್ತೆ, ಬೇಗನೆ ತಿಳಿಯುತ್ತಿರಬೇಕು.

ಹಲಸಿನ ಹಣ್ಣು ತಟ್ಟಿ ನೋಡುವ ಅಜ್ಜಿಯನ್ನು ನೆನೆಸಿಕೊಳ್ಳಿ. ತಟ್ಟಿ ‘ಇನ್ನೂ ಎರಡು ದಿನ ಬೇಕು’ ಅನ್ನುತ್ತಾರೆ. ಕೊಯ್ದಾಗ ಉತ್ತರ ಕಣ್ಣೆದುರಿಗೇ ಇರುತ್ತದೆ. ಐವತ್ತು ವರ್ಷ ಹೀಗೆ ಪರೀಕ್ಷೆ ಬರೆದ ಕೈ ಅದು, ನಂಬಬಹುದು. ಅದೇ ಅಜ್ಜಿ ‘ಹುಡುಗನ ಮುಖ ನೋಡಿದ ಕೂಡಲೇ ಗೊತ್ತಾಯಿತು, ಈ ಸಂಬಂಧ ಬೇಡ’ ಎಂದರೆ? ಬೇಡವೆಂದ ಹುಡುಗ ಮುಂದೆ ಎಂಥವನಾದ ಎಂದು ಯಾರೂ ಹೋಗಿ ನೋಡುವುದಿಲ್ಲ. ಅಲ್ಲಿ ಮನಸ್ಸು ಕಲಿಯಲು ದಾರಿಯೇ ಇಲ್ಲ. ‘ನಾಳೆ ಈ ಷೇರು ಏರುತ್ತದೆ ಅನಿಸುತ್ತಿದೆ’ ಎಂಬುದೂ ಹೆಚ್ಚುಕಡಿಮೆ ಇದೇ ಜಾತಿ.

ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ಇದು ಬರೀ ಚರ್ಚೆಯಾಗಿ ಉಳಿಯುವುದಿಲ್ಲ. ಬೆಲ್ಜಿಯಂನಲ್ಲಿ 3,890 ಮಕ್ಕಳನ್ನು ನೋಡಿದ ವೈದ್ಯರ ‘ಏನೋ ಸರಿಯಿಲ್ಲ’ ಎಂಬ ಅನಿಸಿಕೆಯ ಅಧ್ಯಯನವೊಂದು 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ತಪಾಸಣೆಯಲ್ಲಿ ಗಂಭೀರವಲ್ಲ ಎನಿಸಿದ 3,369 ಮಕ್ಕಳಲ್ಲಿ 6 ಮಕ್ಕಳು ಮುಂದೆ ಗಂಭೀರ ಸೋಂಕಿನಿಂದ ಆಸ್ಪತ್ರೆ ಸೇರಿದರು. ವೈದ್ಯರು ತಮ್ಮ ಅನಿಸಿಕೆಯಂತೆ ನಡೆದಿದ್ದರೆ ಅವರಲ್ಲಿ 2 ಮಕ್ಕಳು ಮೊದಲೇ ಪತ್ತೆಯಾಗುತ್ತಿದ್ದರು. ಅದಕ್ಕೆ ತೆರಬೇಕಿದ್ದ ಬೆಲೆ 44 ಸುಳ್ಳು ಎಚ್ಚರಿಕೆಗಳು. ನನಗೆ ಇದು ಅಗ್ಗದ ಬೆಲೆ ಎನಿಸುತ್ತದೆ. ಆದರೆ ಆ ಅನಿಸಿಕೆ ಇದ್ದರೂ 4 ಮಕ್ಕಳು ತಪ್ಪಿಹೋಗುತ್ತಿದ್ದರು ಎಂಬುದನ್ನೂ ಗಮನಿಸಿ.

ವೈದ್ಯರಲ್ಲಿ ಆ ಅನಿಸಿಕೆ ಮೂಡಲು ಮಗುವಿನ ಮಂಪರು, ಉಸಿರಾಟದ ಬದಲಾವಣೆಯಂಥ ಲಕ್ಷಣಗಳ ಜೊತೆ ತಂದೆತಾಯಿಯ ಆತಂಕವೂ ದೊಡ್ಡ ಕಾರಣವಾಗಿತ್ತು. ‘ಹಿಂದಿನ ಕಾಯಿಲೆಗಳ ಹಾಗಿಲ್ಲ ಇದು’ ಎಂಬ ಆತಂಕ. ಆ ಮಗುವಿನ ವಿಷಯದಲ್ಲಿ ತಾಯಿಯೇ ಪಳಗಿದ ಪರೀಕ್ಷಕಿ. ಹಾಗೆ ಅನಿಸಿದರೆ ಸಂಕೋಚ ಬೇಡ, ಡಾಕ್ಟರಿಗೆ ಅದೇ ಮಾತಿನಲ್ಲಿ ಹೇಳಿ, ಯಾವುದು ಬೇರೆಯಾಗಿದೆ ಎಂದೂ ಹೇಳಿ. ಇದನ್ನು ತಿರುಗಿಸಿ ಬಳಸಬೇಡಿ. ಮಗು ಏಳಲಾರದಷ್ಟು ಮಂಕಾಗಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ, ಫಿಟ್ಸ್ ಬಂದರೆ ‘ಏನೂ ಆಗಲ್ಲ ಅಂತ ಮನಸ್ಸು ಹೇಳ್ತಿದೆ’ ಎಂದು ಮನೆಯಲ್ಲಿ ಕೂರುವಂತಿಲ್ಲ.

ಇನ್ನು ಮುಂದಾಗುವುದು ಮೊದಲೇ ಹೊಳೆಯುವ ವಿಷಯ. ವೈಶೇಷಿಕ ದರ್ಶನದ ಪ್ರಶಸ್ತಪಾದ ಕೊಡುವ ಉದಾಹರಣೆ ಬಹಳ ಮುದ್ದಾಗಿದೆ: ನಾಳೆ ನನ್ನ ಅಣ್ಣ ಬರುತ್ತಾನೆ, ಹೃದಯ ಹೇಳುತ್ತಿದೆ ಎನ್ನುವ ಹುಡುಗಿ. ಋಷಿಗಳಿಗೆ ಬರುವಂಥ ಅರಿವು ಅಪರೂಪಕ್ಕೆ ಸಾಮಾನ್ಯರಿಗೂ ಬರುತ್ತದೆ ಎಂಬುದು ಅವನ ನಿಲುವು. ಮೀಮಾಂಸಕ ಕುಮಾರಿಲ ಭಟ್ಟ ಇಂಥದ್ದನ್ನು ಒಪ್ಪಲಿಲ್ಲ. ಕಣ್ಣು, ಕಿವಿಗಳ ಆಧಾರವಿಲ್ಲದ ಇಂಥ ಹೊಳಹು ಸಾಮಾನ್ಯರಲ್ಲಿ ಹೇಗೆ ನಿಶ್ಚಯಕ್ಕೆ ಸಾಲದೋ, ಯೋಗಿಗಳಲ್ಲೂ ಹಾಗೆಯೇ ಎಂದು ವಾದಿಸಿದ. ಆತ ನಾಸ್ತಿಕನಲ್ಲ, ವೇದದ ಕಟ್ಟಾ ಸಮರ್ಥಕ! ಪತಂಜಲಿಯ ಯೋಗಸೂತ್ರವೂ ‘ಪ್ರಾತಿಭ’ ಜ್ಞಾನವನ್ನು ಒಪ್ಪುತ್ತದೆ, ಆದರೆ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂದು ಅಲ್ಲೇ ಎಚ್ಚರಿಸುತ್ತದೆ.

ಅಣ್ಣ ಬಾರದ ದಿನಗಳನ್ನು ಆ ಹುಡುಗಿ ಎಣಿಸಿದ್ದಳೇ? ನಾವಂತೂ ಎಣಿಸುವುದಿಲ್ಲ. ದಿನಕ್ಕೆ ಎಷ್ಟೋ ಜನರನ್ನು ನೆನೆಯುತ್ತೇವೆ, ಫೋನ್ ಬಾರದ ನೆನಪುಗಳು ಮರೆತೇ ಹೋಗುತ್ತವೆ. ಬಂದ ಒಂದು ಫೋನ್ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಪರೀಕ್ಷಿಸುವುದು ಸುಲಭ. ಮೊಬೈಲಿನಲ್ಲೇ ಒಂದು ನೋಟ್ ತೆರೆಯಿರಿ. ‘ಹೀಗಾಗುತ್ತದೆ’ ಎಂದು ಮನಸ್ಸಿಗೆ ಬಂದಾಗಲೆಲ್ಲ, ಆಗುವ ಮೊದಲೇ, ದಿನಾಂಕ ಮತ್ತು ಗಂಟೆ ಹಾಕಿ ಬರೆದಿಡಿ. ಆಗಿದ್ದನ್ನೂ ಆಗದ್ದನ್ನೂ ಗುರುತು ಮಾಡಿ. ಒಂದು ತಿಂಗಳು ಕಳೆದ ಮೇಲೆ ಲೆಕ್ಕ ಹಾಕಿ ನೋಡಿ.