ಬಜೆಟ್ ಸಭೆಯಲ್ಲಿ ಕ್ಯಾಮೆರಾ ಕೇಳೋ ಮುಂಚೆ ಬೀದಿದೀಪದ ಲೆಕ್ಕ ಕೇಳಿ

ಪುರಸಭೆಯ ಬಜೆಟ್ ಪೂರ್ವಭಾವಿ ಸಭೆ ಅಂದ್ರೆ ವರ್ಷಾ ವರ್ಷಾ ಒಂದು ಮಾತು ಬಂದೇ ಬರುತ್ತೆ. ವರ್ತಕರ ಸಾಲಿನಿಂದ ಯಾರಾದ್ರೂ ಎದ್ದು ನಿಂತು, "ಸರ್, ಕಳ್ಳತನ ಜಾಸ್ತಿ ಆಗಿದೆ, ಮೇನ್ ರೋಡಿಗೆ ಸಿಸಿಟಿವಿ ಹಾಕ್ಸಿ" ಅಂತಾರೆ. ವೇದಿಕೆ ಮೇಲಿದ್ದವರು ತಲೆ ಆಡಿಸ್ತಾರೆ. ಬಜೆಟ್ ಪುಸ್ತಕದಲ್ಲಿ ಒಂದು ಸಾಲು ಸೇರುತ್ತೆ. ಮುಂದಿನ ವರ್ಷ ಮತ್ತೆ ಅದೇ ಮಾತು, ಅದೇ ತಲೆ ಆಡಿಸೋದು.

ಹೊಸದಾಗಿ ಕೇಳೋ ಮುಂಚೆ ಹೋದ ಸಲ ಕೊಟ್ಟಿದ್ದು ಏನಾಯ್ತು ಅಂತ ನೋಡಬೇಕಲ್ವಾ? ಅದನ್ನ ನೋಡೋದು ಹೇಗೆ, ಯಾರನ್ನ ಏನು ಕೇಳಬೇಕು ಅನ್ನೋದೇ ಈ ವರದಿ.

ಮೊದಲು ಒಂದು ವಿಷಯ ಸ್ಪಷ್ಟ ಆಗಬೇಕು. ಪೊಲೀಸ್ ಇಲಾಖೆ ಪುರಸಭೆ ಕೈಯಲ್ಲಿಲ್ಲ, ಅದು ರಾಜ್ಯ ಸರ್ಕಾರದ್ದು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಅಂತ 18 ವಿಷಯ ಇವೆ, ಅದರಲ್ಲಿ ಪೊಲೀಸ್ ಇಲ್ಲ. ಆದ್ರೆ ಬೀದಿದೀಪ, ಬಸ್ ನಿಲುಗಡೆ, ಪಾರ್ಕಿಂಗ್, ಸಾರ್ವಜನಿಕ ಶೌಚಾಲಯ ಇವೆ. ನಮ್ಮ ರಾಜ್ಯದ 1964ರ ಪುರಸಭೆಗಳ ಕಾಯ್ದೆಯಲ್ಲಂತೂ ರಸ್ತೆಗೆ ದೀಪ ಹಾಕೋದು ಕಡ್ಡಾಯ ಕೆಲಸಗಳ ಪಟ್ಟಿಯಲ್ಲೇ ಇದೆ. ಇಂಗ್ಲೆಂಡಿನಲ್ಲಿ 1998ರ ಒಂದು ಕಾಯ್ದೆ ಪ್ರಕಾರ ಸ್ಥಳೀಯ ಕೌನ್ಸಿಲ್ ಮತ್ತು ಪೊಲೀಸ್ ಒಟ್ಟಿಗೆ ಕೂತು ಅಪರಾಧ ಕಡಿಮೆ ಮಾಡೋ ಯೋಜನೆ ಮಾಡಲೇಬೇಕು. ನಮ್ಮಲ್ಲಿ ಕ್ಯಾಮೆರಾ ಒಂದು ಕಡತದಲ್ಲಿ, ದೀಪ ಇನ್ನೊಂದು ಕಡತದಲ್ಲಿ, ಕಳ್ಳತನದ ಲೆಕ್ಕ ಠಾಣೆಯಲ್ಲಿ. ಮೂರನ್ನೂ ಒಂದೇ ಮೇಜಿನ ಮೇಲೆ ಇಡೋರು ಯಾರೂ ಇಲ್ಲ.

ನಮ್ಮ ಮಾವನ ಅಂಗಡಿ ಕಥೆ

ಇದು ನಮ್ಮ ಮನೇದೇ. ನಮ್ಮ ಮಾವ ಕಿರಾಣಿ ಅಂಗಡಿ ಇಟ್ಕೊಂಡಿದಾರೆ. ಒಂದಿನ ರಾತ್ರಿ ಅಂಗಡಿ ಮುಂದಿನ ಜಗಲಿ ಮೇಲೆ ಬಿಟ್ಟಿದ್ದ ಎರಡು ಕ್ರೇಟ್ ಕೂಲ್‌ಡ್ರಿಂಕ್ಸ್ ಮತ್ತೆ ಹಳೇ ತಕ್ಕಡಿ ಮಾಯ. ಕ್ಯಾಮೆರಾ ಇತ್ತು. ಬೆಳಿಗ್ಗೆ ನಾನೇ ಹೋಗಿ ಡಿವಿಆರ್ ತೆಗೆದು ನೋಡ್ದೆ. ಹಾರ್ಡ್ ಡಿಸ್ಕ್ ಕೆಟ್ಟು ಎಷ್ಟು ತಿಂಗಳಾಗಿತ್ತೋ, ಒಂದೇ ಒಂದು ದಿನದ ರೆಕಾರ್ಡಿಂಗ್ ಇರಲಿಲ್ಲ. ಟಿವಿಯಲ್ಲಿ ಲೈವ್ ಚಿತ್ರ ಬರ್ತಾ ಇದ್ದಿದ್ದಕ್ಕೆ ಎಲ್ಲಾ ಸರಿ ಇದೆ ಅನ್ಕೊಂಡಿದ್ರು. ಸರಿ ಇದ್ದಿದ್ರೂ ಏನು ಕಾಣ್ತಿತ್ತೋ ಗೊತ್ತಿಲ್ಲ, ಎದುರಿನ ಕಂಬದ ದೀಪ ಆಗಲೇ ಆರಿಹೋಗಿತ್ತು.

ಠಾಣೆಗೆ ಹೋದಾಗ ಎಫ್‌ಐಆರ್ ಆಗಲಿಲ್ಲ, ಎನ್‌ಸಿಆರ್ ಅಂದ್ರು. ಮಾವನಿಗೆ ಸಿಟ್ಟು ಬಂತು. ಆಮೇಲೆ ನಾನು ಕಾನೂನು ಓದಿ ನೋಡಿದ್ರೆ ಅವರು ಹೇಳಿದ್ದು ಸರಿ ಇತ್ತು. 2024ರ ಜುಲೈ 1ರಿಂದ ಬಂದಿರೋ ಹೊಸ ಕಾನೂನಿನಲ್ಲಿ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಮ್ಮಿ ಇದ್ರೆ ಸಾಮಾನ್ಯ ಕಳ್ಳತನ ಅಸಂಜ್ಞೇಯ ಅಪರಾಧ. ಅಂದ್ರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ. ಮಾಹಿತಿ ಬರ್ಕೊಂಡು ದೂರುದಾರರನ್ನ ಮ್ಯಾಜಿಸ್ಟ್ರೇಟ್ ಹತ್ರ ಹೋಗೋಕೆ ಹೇಳ್ತಾರೆ.

ವರ್ತಕರು ಇಲ್ಲಿ ಒಂದು ವ್ಯತ್ಯಾಸ ಗೊತ್ತು ಮಾಡ್ಕೊಳ್ಳಿ. ಹೊರಗಡೆ ಇಟ್ಟಿದ್ದ ಸಾಮಾನು ಹೋಗೋದು ಬೇರೆ, ಶಟರ್ ಮುರಿದು ಒಳಗೆ ನುಗ್ಗೋದು ಬೇರೆ. ಬೀಗ ಒಡೆದು ಕಟ್ಟಡದ ಒಳಗೆ ಹೋಗಿ ಕದ್ರೆ ಹೋಗಿದ್ದು 500 ರೂಪಾಯಿ ಮಾಲೇ ಆದ್ರೂ ಅದು ಸಂಜ್ಞೇಯ ಅಪರಾಧ, ಎಫ್‌ಐಆರ್ ಆಗಬೇಕು, ಅದರ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. "ಐದು ಸಾವಿರ ದಾಟಿಲ್ಲ" ಅನ್ನೋ ಮಾತು ಅಲ್ಲಿ ನಡೆಯಲ್ಲ. ಎನ್‌ಸಿಆರ್ ಆದ್ರೂ ಬಾಯಿ ಮಾತಲ್ಲಿ ಮುಗಿಸಿ ಬರಬೇಡಿ, ಹಿಂಬರಹ ಬರೆಸ್ಕೊಂಡೇ ಬನ್ನಿ.

ಇದನ್ನ ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ನಾಳೆ ಯಾರಾದ್ರೂ ಸಭೆಯಲ್ಲಿ "ಕ್ಯಾಮೆರಾ ಹಾಕಿದ ಮೇಲೆ ಕಳ್ಳತನ ಕಮ್ಮಿ ಆಗಿದೆ" ಅಂತ ಅಂಕಿ ಓದಿದ್ರೆ, ಆ ಅಂಕಿ ಎಫ್‌ಐಆರ್‌ನದ್ದಾ, ಎನ್‌ಸಿಆರ್ ಸೇರಿಸಿದ್ದಾ ಅಂತ ಕೇಳಬೇಕು. ಮಾವನ ಕ್ರೇಟ್ ಎಫ್‌ಐಆರ್ ಲೆಕ್ಕದಲ್ಲಿ ಇಲ್ವೇ ಇಲ್ಲ. ಸಂತೆಯಲ್ಲಿ ಹೋದ ಹಳೇ ಸೈಕಲ್ಲೂ ಇರಲ್ಲ. 2024ರ ಜುಲೈಗೆ ಮುಂಚಿನ ಅಂಕಿ ಜೊತೆ ಈಗಿನ ಅಂಕಿ ಹಾಗೇ ಹೋಲಿಸಿದ್ರೆ ಏನೂ ಮಾಡದೇನೇ ಕಳ್ಳತನ ಇಳಿದ ಹಾಗೆ ಕಾಣಬಹುದು. ಇದರ ಉಲ್ಟಾನೂ ಇದೆ. ಜನ ಧೈರ್ಯವಾಗಿ ದೂರು ಕೊಡೋಕೆ ಶುರು ಮಾಡಿದ್ರೆ ಅಂಕಿ ಏರುತ್ತೆ, ಆಗ ಊರು ಕೆಟ್ಟೋಯ್ತು ಅನ್ನೋದೂ ತಪ್ಪು.

ಕ್ಯಾಮೆರಾ ಬೇಡ ಅಂತಲ್ಲ

ಕ್ಯಾಮೆರಾ ಕೆಲಸ ಮಾಡುತ್ತೆ, ಆದ್ರೆ ನಾವು ಅನ್ಕೊಂಡಷ್ಟಲ್ಲ. ಬೇರೆ ಬೇರೆ ದೇಶಗಳ 40 ವರ್ಷದ ಅಧ್ಯಯನ ಒಟ್ಟುಗೂಡಿಸಿ 2019ರಲ್ಲಿ ಬಂದ ವರದಿ ಪ್ರಕಾರ, ಸಿಸಿಟಿವಿ ಇದ್ದ ಕಡೆ ಅಪರಾಧ ಸರಾಸರಿ 13% ಇಳಿದಿತ್ತು. ಜಾಸ್ತಿ ಉಪಯೋಗ ಆಗಿದ್ದು ವಾಹನ ನಿಲ್ಲಿಸೋ ಜಾಗದಲ್ಲಿ, ಮತ್ತೆ ಯಾರಾದ್ರೂ ಪರದೆ ಮುಂದೆ ಕೂತು ನೋಡ್ತಾ ಇದ್ದ ಕಡೆ. ದೀಪದ ವಿಷಯಕ್ಕೆ ಬಂದ್ರೆ, ನ್ಯೂಯಾರ್ಕಿನಲ್ಲಿ 2016ರಲ್ಲಿ ಸರ್ಕಾರಿ ವಸತಿ ಬಡಾವಣೆಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿ ಕೆಲವು ಕಡೆ ಮಾತ್ರ ದೊಡ್ಡ ದೀಪ ನಿಲ್ಲಿಸಿದ್ರು. ಅಲ್ಲಿ ರಾತ್ರಿ ಹೊರಗಡೆ ನಡೆಯೋ ಗಂಭೀರ ಅಪರಾಧ ಸುಮಾರು 36% ಇಳೀತು. ನ್ಯೂಯಾರ್ಕ್ ಎಲ್ಲಿ, ನಮ್ಮೂರ ಸಂತೆ ಮೈದಾನ ಎಲ್ಲಿ ಅಂತ ನೀವು ಕೇಳಬಹುದು, ಅಷ್ಟೇ ಇಳಿಯುತ್ತೆ ಅಂತ ನಾನೂ ಹೇಳಲ್ಲ. ಆದ್ರೆ ದೀಪ ಅನ್ನೋದು ಕ್ಯಾಮೆರಾಗಿಂತ ಸಣ್ಣ ಬೇಡಿಕೆ ಅಂತ ತಳ್ಳಿ ಹಾಕೋ ಹಾಗಿಲ್ಲ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಒಂದೇ ಹೊತ್ತಿಗೆ 100 ಜನ ಸೇರೋ ಅಥವಾ ದಿನಕ್ಕೆ 500 ಜನ ಬಂದು ಹೋಗೋ ಜಾಗದವರು ತಾವೇ ಕ್ಯಾಮೆರಾ ಹಾಕಬೇಕು, 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಆಸ್ಪತ್ರೆ, ಕಾಲೇಜು, ದೇವಸ್ಥಾನ, ದೊಡ್ಡ ಬಟ್ಟೆ ಅಂಗಡಿ, ಇವೆಲ್ಲ ಇದರಲ್ಲಿ ಬರ್ತವೆ. ಅಂದ್ರೆ ಮೇನ್ ರೋಡಿನ ಎಷ್ಟೋ ಭಾಗ ಮಾಲೀಕರ ಖರ್ಚಲ್ಲೇ ಕ್ಯಾಮೆರಾ ಒಳಗೆ ಬರಬೇಕು. ಹಂಗಿದ್ಮೇಲೆ ಪುರಸಭೆ ದುಡ್ಡು ಹೋಗಬೇಕಾದ್ದು ಮಾಲೀಕರೇ ಇಲ್ಲದ ಜಾಗಕ್ಕೆ: ತರಕಾರಿ ಮಾರ್ಕೆಟ್ ಹಿಂದಿನ ಓಣಿ, ಕೆರೆ ಏರಿ, ಹಾಸ್ಟೆಲ್ಲಿಗೆ ಹೋಗೋ ದಾರಿ. ಆ ದಾರಿಯಲ್ಲಿ ಸಂಜೆ ಏಳರ ಮೇಲೆ ಹೆಣ್ಮಕ್ಕಳು ಗುಂಪು ಕಟ್ಕೊಂಡು ನಡೆಯೋದನ್ನ ನಾವೆಲ್ಲ ದಿನಾ ನೋಡ್ತೀವಿ. ಅವರು ಬಜೆಟ್ ಸಭೆಗೆ ಬರಲ್ಲ. ಸಭೆ ಇಡೋದೇ ಕ್ಲಾಸ್ ಇರೋ ಹೊತ್ತಿಗೆ.

ಕ್ಯಾಮೆರಾ ದೃಶ್ಯ ಪೊಲೀಸರಿಗೆ ಕೊಟ್ರೆ ಮುಗೀತು ಅಂತಲೂ ಅನ್ಕೋಬೇಡಿ. ಕೋರ್ಟಿನಲ್ಲಿ ಅದು ಸಾಕ್ಷಿ ಆಗೋಕೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಯಂತ್ರ ನೋಡ್ಕೊಳ್ಳೋರು, ಅಂದ್ರೆ ಅಂಗಡಿಯವರೇ ಸಹಿ ಹಾಕಬೇಕಾಗುತ್ತೆ, ಇನ್ನೊಂದಕ್ಕೆ ತಜ್ಞರು. ಡಿವಿಆರ್‌ನಲ್ಲಿ ತಾರೀಕು, ಟೈಮ್ ತಪ್ಪಿದ್ರೆ ವಕೀಲರು ಮೊದಲು ಹಿಡಿಯೋದೇ ಅದನ್ನ. ಇವತ್ತೇ ಒಂದ್ಸಲ ನೋಡಿ, ಎಷ್ಟೋ ಅಂಗಡಿಯಲ್ಲಿ ಅದು ಹಳೇ ಇಸವಿ ತೋರಿಸ್ತಾ ಇರುತ್ತೆ.

ದೀಪ ಯಾರದ್ದು, ಕಂಬ ಯಾರದ್ದು

ದೀಪ ಆರಿದ್ರೆ ನಮ್ಮ ಕಡೆ ಸಾಮಾನ್ಯವಾಗಿ ಕೇಳೋ ಉತ್ತರ ಎಲ್ರಿಗೂ ಗೊತ್ತು. ಪುರಸಭೆಯಲ್ಲಿ "ಕಂಬದಲ್ಲೇ ಕರೆಂಟ್ ಇಲ್ಲ" ಅಂತಾರೆ, ವಿದ್ಯುತ್ ಕಂಪನಿಯಲ್ಲಿ "ಬಲ್ಬು ಪುರಸಭೆಯವರದ್ದು" ಅಂತಾರೆ. ಇಬ್ಬರು ಹೇಳೋದೂ ಅರ್ಧ ನಿಜ. ಲೈನು, ಕಂಬ ಕಂಪನಿಯದ್ದು, ದೀಪದ ನಿರ್ವಹಣೆ ಪುರಸಭೆಯದ್ದು. ಪುರಸಭೆ ಅದನ್ನ ಟೆಂಡರ್ ಕರೆದು ಗುತ್ತಿಗೆದಾರರಿಗೆ ವಹಿಸಿದ್ರೆ, ದೂರು ಬಂದ ಮೇಲೆ ಎಷ್ಟು ದಿನದಲ್ಲಿ ಸರಿ ಮಾಡಬೇಕು, ಮಾಡದಿದ್ರೆ ಬಿಲ್ಲಿನಲ್ಲಿ ಎಷ್ಟು ಮುರ್ಕೋಬೇಕು ಅನ್ನೋದನ್ನ ಟೆಂಡರ್ ಷರತ್ತಿನಲ್ಲಿ ನೋಡಬೇಕು. ನಮ್ಮ ಸುರಕ್ಷತೆಯ ಯೋಜನೆ ನಿಜವಾಗಿ ಇರೋದು ಆ ಷರತ್ತಿನಲ್ಲಿ, ಭಾಷಣದಲ್ಲಲ್ಲ. ಆರ್‌ಟಿಐ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ದೀಪಕ್ಕೊಂದು, ಕ್ಯಾಮೆರಾಕ್ಕೊಂದು ಬೇರೆ ಬೇರೆ ಹಾಕಿ.

ಕ್ಯಾಮೆರಾ ಬಗ್ಗೆ ಕೇಳೋಕೆ ಮೂರೇ ಪ್ರಶ್ನೆ ಸಾಕು. ಇವತ್ತಿಗೆ ಎಷ್ಟು ಕ್ಯಾಮೆರಾ ಓಡ್ತಾ ಇವೆ? ಅದರ ಚಿತ್ರ ಯಾರು, ಎಲ್ಲಿ ಕೂತು ನೋಡ್ತಾರೆ? ವಾರಂಟಿ ಮುಗಿದ ಮೇಲೆ ರಿಪೇರಿ ದುಡ್ಡು ಯಾವ ಲೆಕ್ಕದಿಂದ?

ಬೀದಿ ವ್ಯಾಪಾರಿಗಳ ವಿಷಯ ಬಂದ್ರೆ ನಮ್ಮ ವರ್ತಕರಲ್ಲಿ ಕೆಲವರಿಗೆ ಬೇಜಾರಾಗುತ್ತೆ, ಆದ್ರೂ ಹೇಳಬೇಕು. ರಾತ್ರಿ ಹತ್ತರ ತನಕ ಗಾಡಿ ಇಟ್ಕೊಂಡು ಎಗ್ ರೈಸ್ ಮಾರೋನು ಆ ಮೂಲೆಯನ್ನ ಕಾಯ್ತಾ ಇರ್ತಾನೆ, ಸಂಬಳ ಇಲ್ಲದೆ. ಗಾಡಿ ಎತ್ತಿಸಿದ ಮೇಲೆ ಆ ಮೂಲೆ ಖಾಲಿ, ಕತ್ತಲೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ವ್ಯಾಪಾರಿಗಳೇ ಇರಬೇಕು, ಪೊಲೀಸ್ ಪ್ರತಿನಿಧಿಯೂ ಇರಬೇಕು. ಪುರಸಭೆ, ಪೊಲೀಸ್, ಬೀದಿಯವರು ಮೂವರೂ ಕೂರೋ ಜಾಗ ಕಾನೂನಿನಲ್ಲಿ ಆಗಲೇ ಇದೆ ಅಂತ ಆಯ್ತು. ಎಲ್ಲಿ ದೀಪ ಇಲ್ಲ ಅಂತ ಅಲ್ಲೇ ಕೇಳಬಹುದು. ಪೊಲೀಸ್ ಕಡೆಯಿಂದ 2025ರ ಜುಲೈನಲ್ಲಿ "ಮನೆ ಮನೆಗೆ ಪೊಲೀಸ್" ಶುರುವಾಗಿದೆ, ಬೀಟ್ ಸಿಬ್ಬಂದಿ ಮನೆಗೇ ಬಂದು ಅಹವಾಲು ಕೇಳಬೇಕು. ಬಂದ್ರೆ ಟೀ ಕೊಟ್ಟು ಕಳಿಸೋದ್ರ ಜೊತೆಗೆ ಕತ್ತಲೆ ಇರೋ ಕಂಬದ ಪಟ್ಟಿನೂ ಕೈಗೆ ಕೊಡಿ.

ಮಾವ ಈಗ ಹೊಸ ಹಾರ್ಡ್ ಡಿಸ್ಕ್ ಹಾಕ್ಸಿದಾರೆ, ಕ್ರೇಟ್ ಒಳಗೆ ಇಡ್ತಾರೆ. ಹೋದ ವಾರ ರಾತ್ರಿ ಊಟ ಆದ್ಮೇಲೆ ನಾನು ಅವರ ಅಂಗಡಿಯಿಂದ ಸಂತೆ ಮೈದಾನದ ಗೇಟಿನ ತನಕ ನಡ್ಕೊಂಡು ಹೋಗಿ, ದೀಪ ಇಲ್ಲದ ಕಂಬಗಳ ನಂಬರ್ ಬರ್ಕೊಂಡಿದೀನಿ. ಪಟ್ಟಿಯಲ್ಲಿ ಮೊದಲನೇದು ಅಂಗಡಿ ಎದುರಿನದ್ದೇ. ಬಜೆಟ್ ಸಭೆಗೆ ಅದರ ಪ್ರತಿ ತಗೊಂಡು ಹೋಗ್ತೀನಿ. ನಿಮ್ಮ ಓಣಿಯ ಕಂಬದ ನಂಬರ್ ಇದ್ರೆ ಕಳಿಸಿ, ಸೇರಿಸ್ಕೋತೀನಿ.